ಪದ ಬೇಕಿದೆ: ಫೋಟೋ 'ಕ್ರಾಪ್'ಗೆ (ದಯವಿಟ್ಟು 'ಬೆಳೆ' ಬೇಡ)

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಫೋಟೋ ತೆಗೆಯುವವರಿಗೆ ಅಂತ ಇರುವ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಚೆನ್ನಾಗಿ ಬಾರದ ಫೋಟೋವನ್ನು ಆಮೇಲೆ ಕಂಪ್ಯೂಟರಿನಲ್ಲೋ ಫೋನಿನಲ್ಲೋ ಹೇಗೆ ಸರಿ ಮಾಡಿಕೊಳ್ಳುವುದು ಅನ್ನುವುದೇ ವಿಷಯ. ನಾಳೆ ಸಂಜೆ ಕೊಡಬೇಕು. ಎಡಿಟಿಂಗ್, ಕ್ರಾಪ್ (ಬೇಡದ ಅಂಚು ಕತ್ತರಿಸುವುದು), ಎಕ್ಸ್‌ಪೋಷರ್ (ಇಡೀ ಫೋಟೋದ ಬೆಳಕು), ಹೈಲೈಟ್ಸ್ (ಹೆಚ್ಚು ಬೆಳಕಿರುವ ಕಡೆ), ಶ್ಯಾಡೋಸ್ (ಕತ್ತಲಿರುವ ಕಡೆ), ಸ್ಯಾಚುರೇಶನ್ (ಬಣ್ಣ ಎಷ್ಟು ಗಾಢ ಅನ್ನುವುದು), ವೈಟ್ ಬ್ಯಾಲೆನ್ಸ್, ನಾಯ್ಸ್. ಈ ಎಂಟಕ್ಕೆ ಪದ ಸಿಕ್ಕರೆ ಸಾಕು.

ಮಷೀನಿಗೆ ಕೊಟ್ಟು ನೋಡಿದೆ. ಕ್ರಾಪ್‌ಗೆ 'ಬೆಳೆ' ಅಂದಿತು, ನಾಯ್ಸ್‌ಗೆ 'ಶಬ್ದ' ಅಂದಿತು. 'ಮೊದಲು ಬೆಳೆ ಮಾಡಿ, ನಂತರ ಶಬ್ದ ತೆಗೆಯಿರಿ' ಅಂತ ಅಚ್ಚಾದರೆ ನನ್ನ ಗತಿ ಏನು?
- ಸು.

ಉತ್ತರ:

ಇದರಲ್ಲಿ ಚರ್ಚೆಗೆ ಏನಿದೆ? ಸಂಪಾದನೆ, ಕರ್ತನ, ಅನಾವರಣ, ಪ್ರಕಾಶ ಭಾಗ, ಛಾಯಾ ಭಾಗ, ಸಂತೃಪ್ತತೆ, ಶ್ವೇತ ಸಮತೋಲನ, ಗದ್ದಲ. ಬರೆದುಕೊಳ್ಳಿ.
- ವೆಂ.

ಉತ್ತರ:

ವೆಂ. ಅವರೇ, 'ಕರ್ತನ' ಅಂದರೆ 'ಯಾರ?' ಅಂತ ಕೇಳುತ್ತಾರೆ. ಸಂಪಾದನೆ ಅಂದರೆ ತಿಂಗಳಿಗೆ ಎಷ್ಟು ಅಂತ ಕೇಳುತ್ತಾರೆ. ಪತ್ರಿಕೆಯವರಿಗೆ ಸಂಪಾದನೆ, ಸಿನಿಮಾದವರಿಗೆ ಸಂಕಲನ, ಎರಡೂ ಅವರವರ ಮನೆಯಲ್ಲೇ ಇರಲಿ. ಫೋಟೋಗೆ 'ತಿದ್ದು' ಇದೆಯಲ್ಲ? ತಪ್ಪಿದ್ದರೆ ತಿದ್ದುತ್ತೇವೆ, ಆಮೇಲೆ ಅಂದಕ್ಕೆ ತೀಡುತ್ತೇವೆ. ಹುಬ್ಬು ತೀಡುತ್ತೇವೆ, ಕ್ರಾಪು ತೀಡುತ್ತೇವೆ. ತಿದ್ದಿ ತೀಡುವುದು ಅಂತ ಜೋಡಿಯಾಗಿಯೇ ನಾಲಿಗೆ ಮೇಲೆ ಇದೆ.

ಇನ್ನು 'ಬೆಳೆ'ಯನ್ನು ಅಷ್ಟು ಹಗುರವಾಗಿ ನಗಬೇಡಿ. ಬೆಳಕು, ಬೆಳಗು, ಬೆಳ್ಳಿ, ಬಿಳಿ, ಬೆಳದಿಂಗಳು ಎಲ್ಲ ಒಂದೇ ಬೇರು. ಹಳೆಯ ಫಿಲ್ಮಿನ ಮೇಲೆ ಚಿತ್ರ ಮೂಡುತ್ತಿದ್ದದ್ದು ಬೆಳ್ಳಿಯ ಲವಣದಿಂದ. ಬೆಳಕು ಬೆಳ್ಳಿಗೆ ತಾಗಿ ಚಿತ್ರ ಬೆಳೆಯಿತು ಅನ್ನಿ. ಬೆಳೆಯೂ ಅದೇ ಬೇರಿನದ್ದು ಅಂತ ನನಗೆ ಯಾವಾಗಲೂ ಅನ್ನಿಸಿದೆ.
- ಕೇ.

ಉತ್ತರ:

ಅನ್ನಿಸಿದ್ದು ತಪ್ಪು. ಬೆಳೆಗೆ ತಮಿಳಿನಲ್ಲಿ 'ವಿಳೈ', ಬೆಳ್ಳಿಗೆ 'ವೆಳ್ಳಿ'. ಬೇರು ಬೇರೆ, ಕನ್ನಡದಲ್ಲಿ ಬಂದು ಒಂದರಂತೆ ಕೇಳಿಸುತ್ತವೆ ಅಷ್ಟೆ. ಬೆಳ್ಳಿ ಮತ್ತು ಬಿಳಿ ಒಪ್ಪಿದೆ.
- ನಾ.

ಉತ್ತರ:

ಸು. ಮೇಡಂ, ನಾನು ಭಾಷೆಯವನಲ್ಲ, ಫೋಟೋ ಕಲಿಸುವವನು. ಇಲ್ಲಿ ಸುಮ್ನೆ ಓದಿಕೊಂಡು ಇರುತ್ತೇನೆ. ಇವತ್ತು ತಡೆಯಲಾಗಲಿಲ್ಲ.

ಕಲಿಯಲು ಬಂದವರು ಯಾರೂ 'ನನ್ನ ಶ್ಯಾಡೋಸ್ ಕಡಿಮೆ ಇದೆ' ಅಂತ ಬರುವುದಿಲ್ಲ. 'ಮುಖ ಕಪ್ಪಿಟ್ಟಿದೆ ಸಾರ್' ಅನ್ನುತ್ತಾರೆ. 'ಯಾಕೋ ಬಿಳಿಚಿಕೊಂಡಿದೆ', 'ವಾಲಿದೆ', 'ತರಿತರಿ ಕಾಣ್ತಿದೆ'. ಕಾಯಿಲೆಯ ಹೆಸರು ಅವರ ಬಾಯಲ್ಲೇ ಇದೆ, ನೀವು ಔಷಧಿ ಬಾಟಲಿಯ ಹೆಸರು ಅನುವಾದ ಮಾಡಲು ಹೊರಟಿದ್ದೀರಿ. ಸ್ಲೈಡರ್ (ಪರದೆಯ ಮೇಲೆ ಎಳೆದು ಏರಿಸಿ ಇಳಿಸುವ ಗುಂಡಿ) ಮೇಲೆ ಹೇಗೂ ಇಂಗ್ಲಿಷ್ ಇರುತ್ತದೆ, ಅದನ್ನು ಹಾಗೇ ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಚಿತ್ರಕ್ಕೆ ಏನಾಗಿದೆ ಅಂತ ಕ್ರಿಯಾಪದದಲ್ಲಿ ಹೇಳಿ.

ಒಂದು ಫೋಟೋ ಇಟ್ಟುಕೊಳ್ಳಿ. ಒಬ್ಬರು ಕಿಟಕಿಗೆ ಬೆನ್ನು ಹಾಕಿ ಕೂತಿದ್ದಾರೆ. ಹೊಸಬರು ತೆಗೆದು ಬೇಜಾರಾಗುವ ಫೋಟೋ ಇದೇ. ಮುಖ ಕಪ್ಪಿಟ್ಟಿದೆ. ಹಿಂದಿನ ಕಿಟಕಿಯಲ್ಲಿ ಮರ ಇತ್ತು, ಈಗ ಬರೀ ಬಿಳಿ. ಶ್ಯಾಡೋಸ್ ಮೇಲಕ್ಕೆ ಎಳೆದರೆ ಮುಖ ಸ್ವಲ್ಪ ವಾಪಸ್ ಬರುತ್ತದೆ, ಆದರೆ ಕೆನ್ನೆ ಮೇಲೆ ಕೆಂಪು ಹಸಿರು ಚುಕ್ಕಿಗಳು ಏಳುತ್ತವೆ. ಅದೇ ನಿಮ್ಮ ನಾಯ್ಸ್. ಅದಕ್ಕೆ 'ತರಿ' ಅನ್ನಿ. ಶಬ್ದವೂ ಅಲ್ಲ, ಗದ್ದಲವೂ ಅಲ್ಲ, ಕಣ್ಣಿಗೆ ಹತ್ತುವ ತರಿ. ಕಿಟಕಿಯದ್ದು ಬೇರೆ ಕಥೆ. ಜೆಪೆಗ್ ಅಂದರೆ ಮಾಮೂಲಿ ಫೋಟೋ ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದು ಬಣ್ಣಕ್ಕೂ 0ಯಿಂದ 255ರವರೆಗೆ ಮೆಟ್ಟಿಲು. ಮೂರೂ ಬಣ್ಣ 255 ಮುಟ್ಟಿದ ಕಡೆ ಮರದ ಗುರುತೇ ಉಳಿದಿಲ್ಲ. ಹೈಲೈಟ್ಸ್ ಎಷ್ಟು ಕೆಳಗೆ ಎಳೆದರೂ ಬಿಳಿ ಹೋಗಿ ಬೂದು ಬರುತ್ತದೆ, ಮರ ಬರುವುದಿಲ್ಲ. ನಾನು ಇದಕ್ಕೆ 'ಬೆಳಕು ನುಂಗಿದೆ' ಅನ್ನುತ್ತೇನೆ. ಬಿಳಿಚಿದ್ದನ್ನು ತಿದ್ದಬಹುದು, ನುಂಗಿದ್ದನ್ನು ಕಕ್ಕಿಸಲು ಆಗುವುದಿಲ್ಲ. ರಾ ಫೈಲ್ (ಕ್ಯಾಮೆರಾ ಕಂಡದ್ದನ್ನು ಹಾಗೇ ಇಟ್ಟ ಫೈಲ್) ಆಗಿದ್ದರೆ ಮೆಟ್ಟಿಲು ಜಾಸ್ತಿ, 14 ಬಿಟ್ ಅಂದರೆ 16,384, ಹಾಗಾಗಿ ಎಳೆದಾಡಲು ಜಾಗ ಇರುತ್ತದೆ. ಅಲ್ಲೂ ತುದಿ ಮುಟ್ಟಿದ್ದು ಮುಟ್ಟಿದ್ದೇ.

ವೈಟ್ ಬ್ಯಾಲೆನ್ಸ್‌ಗೆ 'ಬಿಳಿಯನ್ನು ಬಿಳಿ ಮಾಡುವುದು' ಅಂತ ಬರೆದು ಮುಗಿಸಿ. ಬಲ್ಬಿನ ಕೆಳಗೆ ಬಿಳಿ ಅಂಗಿ ಹಳದಿ ಆಗಿರುತ್ತದೆ, ನೆರಳಿನಲ್ಲಿ ನೀಲಿ ಆಗಿರುತ್ತದೆ, ಅಷ್ಟೇ ವಿಷಯ. ಸ್ಯಾಚುರೇಶನ್‌ಗೆ ನಾವು 'ರಂಗು ಏರಿಸಿ' ಅನ್ನುತ್ತೇವೆ. ಜಾಸ್ತಿ ಏರಿಸಿದರೆ ಮೈಬಣ್ಣ ಕಿತ್ತಳೆ ಆಗುತ್ತದೆ ಅಂತ ಒಂದು ಸಾಲು ಸೇರಿಸಿ, ಪುಣ್ಯ ಬರುತ್ತದೆ.
- ಮ.

ಉತ್ತರ:

ಮ. ಅವರ 'ತರಿ', 'ಕಪ್ಪಿಟ್ಟಿದೆ' ಚೆನ್ನಾಗಿವೆ. ಆದರೆ 'ರಂಗು' ನಮ್ಮದಲ್ಲ. ಕಡುಗೆಂಪು, ಕಡುನೀಲಿ ಅನ್ನುತ್ತೇವಲ್ಲ, ಅದರಿಂದ 'ಕಡುಪು' ಅಂತ ಮಾಡಿ. ಹಳಗನ್ನಡದಲ್ಲೂ ಇರುವ ಮಾತು.
- ಕೇ.

ಉತ್ತರ:

ಕಡುಪು ಹಳಗನ್ನಡದಲ್ಲಿ ಇರುವುದು ಕಾಳಗದ ವರ್ಣನೆಯಲ್ಲಿ. ಅದಿರಲಿ, ಕಡುನೀಲಿ ಅಂದರೆ ಕಪ್ಪಿನ ಕಡೆಗೆ ವಾಲಿದ ನೀಲಿ. ಸ್ಯಾಚುರೇಶನ್ ಏರಿಸಿದರೆ ನೀಲಿ ಕಪ್ಪಾಗುವುದಿಲ್ಲ, ನೀಲಿಯೇ ಜಾಸ್ತಿ ಆಗುತ್ತದೆ. ಪೂರ್ತಿ ಇಳಿಸಿದರೆ ಕಪ್ಪು ಬಿಳುಪು ಫೋಟೋ ಸಿಗುತ್ತದೆ. ಪದ ಕಟ್ಟುವ ಮುಂಚೆ ಒಂದು ಸಲ ಆ ಸ್ಲೈಡರ್ ಎಳೆದು ನೋಡಬಾರದೇ?

ಮತ್ತೆ, ರಂಗು ನಮ್ಮದಲ್ಲ ಅಂದಿರಿ. ಬಣ್ಣ ನಮ್ಮದಾ? ವರ್ಣದ ತದ್ಭವ. ಹಳದಿ ಹರಿದ್ರೆಯಿಂದ, ನೀಲಿಯೂ ಸಂಸ್ಕೃತದಿಂದ. ನಿಮ್ಮ ನಿಯಮ ಹಿಡಿದರೆ ಕಪ್ಪು, ಬಿಳಿ, ಕೆಂಪು, ಹಸಿರು ಇಷ್ಟರಲ್ಲೇ ಫೋಟೋ ತೆಗೆಯಬೇಕು.
- ನಾ.

ಉತ್ತರ:

ನೋಡಿದಿರಾ, ಕೊನೆಗೆ ಸಂಸ್ಕೃತಕ್ಕೇ ಬಂದಿರಿ. ಅದಕ್ಕೇ ಮೊದಲೇ ಹೇಳಿದ್ದು. 'ಛಾಯಾಚಿತ್ರ' ಎಂಬ ಪದವನ್ನು ಎಲ್ಲರೂ ತಕರಾರಿಲ್ಲದೆ ಬಳಸುತ್ತಿಲ್ಲವೇ?
- ವೆಂ.

ಉತ್ತರ:

ಯಾರು ಬಳಸುತ್ತಾರೆ? 'ಒಂದು ಛಾಯಾಚಿತ್ರ ತೆಗಿ' ಅಂತ ಯಾರಾದರೂ ಫೋನ್ ಕೈಗೆ ಕೊಟ್ಟಿದ್ದು ನೋಡಿದ್ದೀರಾ? ಫೋಟೋ ಅನ್ನುವುದು ಗ್ರೀಕಿನ ಬೆಳಕು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1839ರಲ್ಲಿ ಫೋಟೋಗ್ರಫಿ ಅನ್ನುವ ಮಾತನ್ನು ಬಳಕೆಗೆ ತಂದಾಗ ಬೆಳಕಿನ ಬರಹ ಅಂದುಕೊಂಡ. ನಾವು ಅದನ್ನು ನೆರಳಿನ ಚಿತ್ರ ಮಾಡಿದೆವು, ತಮಿಳರು 'ಪುಗೈಪ್ಪಡಂ' ಅಂತ ಹೊಗೆಯ ಚಿತ್ರ ಮಾಡಿದರು. ಛಾಯೆಗೆ ಕಾಂತಿ ಅನ್ನುವ ಅರ್ಥವೂ ಇದೆ ಅಂತ ಈಗ ನೀವು ಬರುತ್ತೀರಿ, ಗೊತ್ತು. ಆದರೆ ಸು. ಅವರು ಶ್ಯಾಡೋಸ್‌ಗೆ 'ಛಾಯಾ ಭಾಗ' ಅಂತ ಹಾಕಿದರೆ, ಛಾಯಾಚಿತ್ರದ ಛಾಯಾ ಭಾಗ ಅಂದರೆ ಯಾವುದು? ಇಡೀ ಫೋಟೋನಾ?
- ಕೇ.

ಉತ್ತರ:

ಕ್ಷಮಿಸಿ, ನಡುವೆ ಬಾಯಿ ಹಾಕುತ್ತಿದ್ದೇನೆ. ಕ್ರಾಪ್ ಇನ್ನೂ ಬಾಕಿ ಇದೆ.
- ಸು.

ಉತ್ತರ:

ಮೇಡಂ, ಕ್ರಾಪ್ ಕನ್ನಡದಲ್ಲಿ ಆಗಲೇ ಇದೆ. ತಲೆಗೆ ಕ್ರಾಪು ಹೊಡೆಸುವುದಿಲ್ವಾ? ಬೇಡದ್ದನ್ನು ಕತ್ತರಿಸಿ ಮುಖ ಕಾಣುವ ಹಾಗೆ ಮಾಡುವುದು. ಫೋಟೋದಲ್ಲೂ ಅದೇ. ಮೊದಲು ವಾಲಿದ್ದನ್ನು ನೆಟ್ಟಗೆ ಮಾಡಿಸಿ, ಆಮೇಲೆ ಕ್ರಾಪು. ಯಾಕೆಂದರೆ ನೆಟ್ಟಗೆ ಮಾಡುವಾಗ ನಾಲ್ಕು ಮೂಲೆ ಹೇಗೂ ಹೋಗುತ್ತವೆ. ಮೊದಲೇ ಬಿಗಿಯಾಗಿ ಕತ್ತರಿಸಿಕೊಂಡಿದ್ದರೆ ತಿರುಗಿಸಿದಾಗ ಯಾರದೋ ಕಿವಿ ಹೋಗುತ್ತದೆ.
- ಮ.

ಉತ್ತರ:

ಎಲ್ಲರಿಗೂ ಧನ್ಯವಾದ. ತಿದ್ದುವುದು, ಕ್ರಾಪು, ಕಪ್ಪಿಟ್ಟಿದೆ, ಬಿಳಿಚಿದೆ, ಬೆಳಕು ನುಂಗಿದೆ, ತರಿ, ರಂಗು ಇಟ್ಟುಕೊಂಡೆ. ವೈಟ್ ಬ್ಯಾಲೆನ್ಸ್ ಬಿಡಿಸಿ ಬರೆದೆ. ಎಕ್ಸ್‌ಪೋಷರ್‌ಗೆ 'ಒಡ್ಡಿಕೆ' ಅಂತ ಬರೆದು ಹೊಡೆದು ಹಾಕಿದೆ. ಬಿಸಿಲಿಗೆ ಒಡ್ಡುವುದು ಸರಿ, ಆದರೆ ತೆಗೆದಾಗಿರುವ ಫೋಟೋವನ್ನು ಮತ್ತೆ ಎಲ್ಲಿ ಒಡ್ಡುವುದು? ಎಕ್ಸ್‌ಪೋಷರ್ ಅಂತಲೇ ಬಿಟ್ಟೆ. 'ಒಂದು ಸ್ಟಾಪ್ (ಬೆಳಕಿನ ಅಳತೆ) ಏರಿಸಿದರೆ ಬೆಳಕು ಎರಡರಷ್ಟು' ಅಂತ ಪಕ್ಕದಲ್ಲಿ ಹಾಕಿದ್ದೇನೆ. ಫೈಲ್ ಈಗಷ್ಟೇ ಕಳಿಸಿದೆ.
- ಸು.

ಉತ್ತರ:

ಸ್ಲೈಡರ್‌ಗೆ ಏನು ಹಾಕಿದಿರಿ? 'ಸರಿಕ' ಅನ್ನಬಹುದು. ಸರಿ ಮಾಡುವುದೂ ಹೌದು, ಸರಿಯುವುದೂ ಹೌದು.
- ಕೇ.

ಉತ್ತರ:

ಸ್ಲೈಡರ್ ಅಂತಲೇ ಇದೆ ಸಾರ್. ಫೈಲ್ ಹೋಗಿಬಿಟ್ಟಿದೆ.
- ಸು.