ಪದಚರ್ಚೆ: 'ಹೋಲಿಸ್ಟಿಕ್ ಎನರ್ಜಿ ಹೀಲಿಂಗ್'ಗೆ ಬೋರ್ಡಿನ ಮೇಲೆ ಏನು ಬರೆಯೋದು?

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಬೇಕು. ನನ್ನ ತಮ್ಮ ಬೋರ್ಡ್ ಬರೆಯುತ್ತಾನೆ. ರೇಖಿ (ಕೈಯಿಟ್ಟು ಗುಣಪಡಿಸುತ್ತೇವೆ ಅನ್ನುವ ಜಪಾನಿ ಪದ್ಧತಿ) ಮಾಡುವವರೊಬ್ಬರು 'ಹೋಲಿಸ್ಟಿಕ್ ಎನರ್ಜಿ ಹೀಲಿಂಗ್' ಅಂತ ಕೊಟ್ಟು ಹೋಗಿದ್ದಾರೆ. ಶೇ. 60 ಕನ್ನಡ ಇರಬೇಕಲ್ಲ. ಫೋನಿನಲ್ಲಿ ಹುಡುಕಿದರೆ 'ಶಕ್ತಿ ಔಷಧ' ಎಂದಿತು. ಟಾನಿಕ್ ಬಾಟಲಿ ನೆನಪಾಯಿತು. ಬೋರ್ಡ್ ಅಗಲ ಆರೇ ಅಡಿ.
(ಹಾಸನ)

ಕಸುವಿನ ಇಡಿಮದ್ದು. 'ಇಡೀ ಊರು' ಅನ್ನುತ್ತೇವಲ್ಲ, ಆ ಇಡಿ. ಸಂಸ್ಕೃತದ ಮುಂದೆ ಕೈಯೊಡ್ಡುವುದು ಬೇಕಿಲ್ಲ.
(ಶಿವಮೊಗ್ಗ)

ರಸ್ತೆಯಾಚೆಯಿಂದ ಓದಿದರೆ ಅದು ಸಿಡಿಮದ್ದು. ದೀಪಾವಳಿಗೆ ಒಳ್ಳೆ ವ್ಯಾಪಾರ ಆಗುತ್ತೆ, ಬಿಡಿ. ರೇಕಿಯಲ್ಲಿ ಮದ್ದೇ ಇಲ್ಲ, ಬರೀ ಕೈಯಿಡುತ್ತಾರೆ. 'ಕೈಮದ್ದು' ಎಂದು ಮಾತ್ರ ತಿದ್ದಬೇಡಿ. ನಮ್ಮ ಕಡೆ ಮದ್ದು ಹಾಕುವುದೆಂದರೆ ಅನ್ನದಲ್ಲಿ ಕಲಸಿ ಕೊಡುವುದು!

ಹೋಲಿಸ್ಟಿಕ್ ಹಳೆಯ ಮಾತೂ ಅಲ್ಲ. ದಕ್ಷಿಣ ಆಫ್ರಿಕಾದ ಜಾನ್ ಸ್ಮಟ್ಸ್ 1926ರಲ್ಲಿ ಗ್ರೀಕಿನ 'ಹೋಲೋಸ್' ಹಿಡಿದು 'ಹೋಲಿಸಂ' ಕಟ್ಟಿದ. ಹೋಲೋಸ್ ಅಂದರೆ ಇಡಿ. ಇತ್ತ ಇಂಗ್ಲಿಷಿನ 'ಹೀಲ್' ಕೂಡ ಇಡಿಯಾಗಿಸು ಎಂಬುದರಿಂದಲೇ ಬಂದದ್ದು. ಅಂದಮೇಲೆ ಹೋಲಿಸ್ಟಿಕ್ ಹೀಲಿಂಗ್ ಅಂದರೆ ನಮ್ಮ ಗೇಟುಬಾಗಿಲು, ನಡುಮಧ್ಯ ಇದ್ದ ಹಾಗೆ. ಒಂದನ್ನು ಕಿತ್ತುಹಾಕಿ.
(ಸಾಗರ)

ಸಮಗ್ರ ಪ್ರಾಣಚಿಕಿತ್ಸೆ. ಇದರಲ್ಲಿ ಚರ್ಚೆಗೇನಿದೆ? ಚಿಕಿತ್ಸೆಯ ಧಾತು 'ಕಿತ್', ಪಾಣಿನಿ 3.1.5 ನೋಡಿ. 'ಚಿಕಿತ್ಸಕ ಬುದ್ಧಿ' ಬಂದದ್ದೂ ಅಲ್ಲಿಂದಲೇ. ಈ ಗುಂಪಿನಲ್ಲಿ ಅದು ಕಡಿಮೆಯಾಗುತ್ತಿದೆ.
(ಮೈಸೂರು)

ಬೋರ್ಡಿನಲ್ಲಿ 'ಪ್ರಾಣ' ಕಂಡರೆ ಹೋಗುವುದೇ ನೆನಪಾಗುತ್ತೆ. ಶಕ್ತಿಯನ್ನಂತೂ ಬಿಟ್ಟುಬಿಡಿ. ನಾನು ವಿಜ್ಞಾನದ ಮೇಷ್ಟ್ರು. ಬಲ ಬೇರೆ, ಶಕ್ತಿ ಬೇರೆ, ಸಾಮರ್ಥ್ಯ ಬೇರೆ ಎಂದು ಮಕ್ಕಳಿಗೆ ಹೇಳಿ ಹೇಳಿ ಗಂಟಲು ಒಣಗಿದೆ. ಶಕ್ತಿಯನ್ನು ಜೂಲ್‌ನಲ್ಲಿ ಅಳೆಯಬಹುದು. ಇವರದ್ದನ್ನು ಯಾವುದರಲ್ಲಿ ಅಳೆಯೋಣ? ಅಮೆರಿಕದ ಎಮಿಲಿ ರೋಸಾ ಒಂಬತ್ತು ವರ್ಷದವಳಿದ್ದಾಗ, ಮೈ ಮುಟ್ಟದೆ ಕೈಯಾಡಿಸಿ ಗುಣಪಡಿಸುತ್ತೇವೆ ಅನ್ನುವ 21 ಜನರನ್ನು ಕೂರಿಸಿದಳು. ರಟ್ಟಿನ ತಡಿಕೆಯ ತೂತಿನಲ್ಲಿ ಅವರು ಎರಡೂ ಕೈ ತೂರಿಸಬೇಕು. ಒಂದರ ಮೇಲೆ ತನ್ನ ಕೈ ಹಿಡಿದು, ಯಾವ ಕೈ ಹೇಳಿ ಎಂದಳು. 280 ಸಲದಲ್ಲಿ ಸರಿಯಾದದ್ದು 123. ಸುಮ್ನೆ ನಾಣ್ಯ ಚಿಮ್ಮಿದ್ದರೂ 140ರ ಹತ್ತಿರ ಬರುತ್ತಿತ್ತು. 1998ರಲ್ಲಿ ಅಮೆರಿಕದ ವೈದ್ಯರ ಪತ್ರಿಕೆಯಲ್ಲೇ ಅಚ್ಚಾಯಿತು. ಅವರು ಏನು ಬೇಕಾದರೂ ಮಾಡಿಕೊಳ್ಳಲಿ, ನಮ್ಮ ಪಾಠದ ಪದ ಕೆಡಿಸುವುದು ಬೇಡ.
(ಗದಗ)

'ಶಕ್ತಿ' ನಿಮ್ಮ ಪಾಠಕ್ಕಿಂತ ಹಳೆಯದು ಮೇಷ್ಟ್ರೇ. ನೀವೇ ಎರವಲು ತಂದವರು.
(ಮೈಸೂರು)

ಅದಕ್ಕೇ ಕಸುವು ಎಂದೆ.
(ಶಿವಮೊಗ್ಗ)

'ಆರೈಕೆ' ಸಾಲದೇ? ಬಾಣಂತಿಗೂ ಆಗುತ್ತೆ, ಗಿಡಕ್ಕೂ ಆಗುತ್ತೆ. ಗುಣ ಮಾಡುತ್ತೇವೆ ಎಂದು ಮಾತು ಕೊಟ್ಟ ಹಾಗೂ ಆಗಲಿಲ್ಲ.
(ಸಾಗರ)

ತುಂಬಾ ಉಪಕಾರವಾಯಿತು. 'ರೇಖಿ ಆರೈಕೆ' ಎಂದು ಬರೆದದ್ದಾಯಿತು, ಆರಡಿಯಲ್ಲಿ ಕೂತಿದೆ. ಬಣ್ಣ ಇನ್ನೂ ಹಸಿ. ಈಗ ಗಿರಾಕಿ ಕೇಳುತ್ತಿದ್ದಾರೆ: ರೇಖಿಯೋ, ರೇಕಿಯೋ?
(ಹಾಸನ)

ರೇಕಿ. ಜಪಾನಿ ಭಾಷೆಯಲ್ಲಿ ಮಹಾಪ್ರಾಣ ಇಲ್ಲ.
(ಸಾಗರ)

ಕನ್ನಡದಲ್ಲೂ ಇಲ್ಲ.
(ಶಿವಮೊಗ್ಗ)

ಶುರುವಾಯ್ತು.
(ಗದಗ)