ಹಳೇ ಡೀಸೆಲ್ ಪಿಕಪ್‌ಗೆ ಟ್ರೇಲರ್ ಕಟ್ಟಿ ಘಾಟಿ ಹತ್ತಿಸೋಕೆ ಏನೇನು ಮಾಡಿಸಬೇಕು?

ಹೊಸನಗರ_ಪಿಕಪ್:
2008ರ ಗಾಡಿ, 2.5 ಲೀಟರ್ ಡಿಐ (ಸಿಲಿಂಡರ್‌ಗೆ ನೇರ ಡೀಸೆಲ್ ಚಿಮ್ಮಿಸೋ) ಟರ್ಬೊ ಎಂಜಿನ್, ಟರ್ಬೊ ಗಾಳಿ ತಣಿಸೋ ಇಂಟರ್‌ಕೂಲರ್ ಇದೆ, ಕಂಪ್ಯೂಟರ್ ಹಿಡಿತದ ಕಾಮನ್ ರೈಲ್ ಅಲ್ಲ. ಹಿಂದೆ ಎರಡು ಚಕ್ರದ ಟ್ರೇಲರ್, ಅದರಲ್ಲಿ ಪವರ್ ಟಿಲ್ಲರ್. ಹೊಸಂಗಡಿಯಿಂದ ಹುಲಿಕಲ್ ಘಾಟಿ ಹತ್ತುವಾಗ ಎರಡನೇ ಗೇರಲ್ಲೂ ಎಳೆಯಲ್ಲ, ಕಪ್ಪು ಹೊಗೆ, ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತೆ. ಡೀಸೆಲ್ ಜಾಸ್ತಿ ಬಿಡೋಕೆ ಪಂಪ್ ಸ್ಕ್ರೂ ತಿರುಗಿಸಿದ್ರೆ ಸಾಕು ಅಂತಾರೆ. ಹಿಂದಿನ ಕಮಾನ್ (ಸ್ಪ್ರಿಂಗ್) ಪ್ಲೇಟ್ ಒಂದು ಜಾಸ್ತಿ ಹಾಕಿಸೋ ಯೋಚನೆಯೂ ಇದೆ. ಮೊದಲು ಯಾವುದು?

ತೀರ್ಥಹಳ್ಳಿ_ಡೀಸೆಲ್:
ಸ್ಕ್ರೂ ಮುಟ್ಟಬೇಡಿ ಮಾರಾಯ್ರೇ. ಕಪ್ಪು ಹೊಗೆ ಅಂದ್ರೆ ಈಗಲೇ ಗಾಳಿಗೆ ಮೀರಿ ಡೀಸೆಲ್ ಹೋಗ್ತಿದೆ. ಇನ್ನೂ ಸುರಿದ್ರೆ ಏರೋದು ಬಿಸಿ, ಕರಗೋದು ಪಿಸ್ಟನ್ ತಲೆ.

ಏರ್ ಫಿಲ್ಟರ್ ಬದಲಿಸಿ, ಆಮೇಲೆ ಟರ್ಬೊದಿಂದ ಇಂಟರ್‌ಕೂಲರ್, ಅಲ್ಲಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಮ್ಯಾನಿಫೋಲ್ಡ್‌ವರೆಗಿನ ಹೋಸ್ ನೋಡಿ. ಕ್ಲಾಂಪ್ ಹತ್ತಿರ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿದ್ರೆ ಸೋರಿಕೆ ಅಲ್ಲೇ. ಹೋಸ್ ಕೆಳಮೈಯ ಬಿರುಕು ಗಾಡಿ ನಿಂತಾಗ ಮುಚ್ಚಿಕೊಂಡಿರುತ್ತೆ, ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಬಂದಾಗ ಮಾತ್ರ ಬಾಯಿ ಬಿಡುತ್ತೆ. ಹಾಗಾಗಿ ಬಿಚ್ಚಿ, ಬಗ್ಗಿಸಿ ನೋಡಬೇಕು. ಟರ್ಬೊ ಶಾಫ್ಟ್ ಪಕ್ಕಕ್ಕೆ ಚೂರು ಆಡೋದು ಸಹಜ, ರೆಕ್ಕೆ ಗೋಡೆಗೆ ತಾಗಬಾರದು. ಇಷ್ಟಾದ ಮೇಲೂ ಹೊಗೆ ಇದ್ರೆ ಡೀಸೆಲ್ ಚಿಮ್ಮಿಸೋ ನಾಜಲ್ ನಾಲ್ಕನ್ನೂ ಬೆಂಚ್ ಮೇಲೆ ಚೆಕ್ ಮಾಡಿಸಿ, ತೊಟ್ಟಿಕ್ಕೋ ನಾಜಲ್ ಕೂಡ ಇದೇ ಹೊಗೆ ಕೊಡುತ್ತೆ.

ಬಿಸಿಗೆ: ಇಂಟರ್‌ಕೂಲರ್, ರೇಡಿಯೇಟರ್ ಜಾಲರಿಯಲ್ಲಿ ಧೂಳು, ಹುಳ, ಹುಲ್ಲು ಕೂತಿರುತ್ತೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆದು ನೀರು ಬಿಡಿ, ಪ್ರೆಶರ್ ವಾಷರ್ ಹಿಡಿದ್ರೆ ಫಿನ್ ಮಡಚುತ್ತೆ. ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಕಪ್ಲಿಂಗ್ ಬಿಗಿಯಾಗಿ ಜೋರಾಗಿ ಸುತ್ತೋದು) ಇದ್ದರೆ ಬಿಸಿ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಕೈಯಲ್ಲಿ ತಿರುಗಿಸಿ. ಸಲೀಸಾಗಿ ಸುತ್ತಿದ್ರೆ ಕಪ್ಲಿಂಗ್ ಹೋಗಿದೆ.

ಆಮೇಲೂ ಶಕ್ತಿ ಸಾಲದಿದ್ರೆ ಬೂಸ್ಟ್ ಮೀಟರ್ ಮತ್ತು ಟರ್ಬೊಗೆ ಮುಂಚೆ ಎಕ್ಸಾಸ್ಟ್ ಬಿಸಿ ಅಳೆಯೋ ಮೀಟರ್ ಹಾಕಿಸಿ. ಏರಿನಲ್ಲಿ 700 ಡಿಗ್ರಿ ಸೆಲ್ಸಿಯಸ್ ದಾಟದಂತೆ ಕಾಲು ಸಡಿಲಿಸಿ. ಮೀಟರ್ ಇಲ್ಲದೆ ಸ್ಕ್ರೂ ತಿರುಗಿಸೋದು ಕಣ್ಣು ಕಟ್ಟಿ ಘಾಟಿ ಇಳಿದ ಹಾಗೆ.

ಸಾಗರ_ಬ್ರೇಕ್:
ಹತ್ತೋದು ಸರಿ, ಇಳಿಯೋದು? ಪ್ಲೇಟ್ ಹಾಕಿಸೋ ಮುಂಚೆ ಹಿಂದಿನ ಆಕ್ಸಲ್ ಮೇಲೆ ಚಾಸಿಸ್‌ನಿಂದ ಒಂದು ಕಡ್ಡಿ ಬಂದಿದೆಯಾ ನೋಡಿ. ಅದು ಲೋಡ್ ಸೆನ್ಸಿಂಗ್ ವಾಲ್ವ್. ಹಿಂಭಾಗ ಎಷ್ಟು ಕುಸಿದಿದೆ ಅನ್ನೋದರ ಮೇಲೆ ಹಿಂದಿನ ಬ್ರೇಕ್‌ಗೆ ಪ್ರೆಶರ್ ಬಿಡುತ್ತೆ. ಪ್ಲೇಟ್ ಸೇರಿಸಿದ್ರೆ ಲೋಡ್ ಇದ್ದರೂ ಗಾಡಿ ಕುಸಿಯಲ್ಲ, ವಾಲ್ವ್‌ಗೆ ಗಾಡಿ ಖಾಲಿ ಅನ್ನಿಸಿ ಹಿಂದಿನ ಬ್ರೇಕ್ ಕಡಿಮೆ ಮಾಡುತ್ತೆ. ಕಡ್ಡಿ ಮತ್ತೆ ಸೆಟ್ ಮಾಡಿಸದೆ ಗಾಡಿ ಹೊರಗೆ ತೆಗೀಬೇಡಿ.

ಬ್ರೇಕ್ ಆಯಿಲ್ 2 ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ತೇವ ಹೀರಿದ್ದು 155ಕ್ಕೇ ಕುದಿಯಬಹುದು. ನಮ್ಮ ಮಳೆಗಾಲ ಗೊತ್ತಲ್ಲ.

ಹುಕ್ ಬಂಪರ್‌ಗೆ ಬೆಸುಗೆ ಹಾಕಿಸಬೇಡಿ, ಚಾಸಿಸ್ ಎರಡೂ ಪಟ್ಟಿಗೆ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿಸಿ. ಟ್ರೇಲರ್ ಭಾರದಲ್ಲಿ ಸುಮಾರು 10% ಹುಕ್ ಮೇಲಿರಲಿ. ಟಿಲ್ಲರ್ ಹಿಂದಕ್ಕೆ ಜರುಗಿದ್ರೆ ಇಳಿಜಾರಲ್ಲಿ ಟ್ರೇಲರ್ ಬಾಲ ಬೀಸುತ್ತೆ.

ಹೊಸನಗರ_ಪಿಕಪ್:
ಸರಿ ಅಣ್ಣ, ಸ್ಕ್ರೂ, ಪ್ಲೇಟ್ ಎರಡೂ ಬಿಟ್ಟೆ. ದೊಡ್ಡ ಟೈರ್?

ಸಾಗರ_ಬ್ರೇಕ್:
ಬೇಡ. ಟೈರ್ ಎತ್ತರ 5% ಹೆಚ್ಚಿದ್ರೆ ಎಳೆತ ಹೆಚ್ಚುಕಡಿಮೆ ಅಷ್ಟೇ ಬೀಳುತ್ತೆ, ಮೀಟರ್ ವೇಗವನ್ನೂ ಕಡಿಮೆ ತೋರಿಸುತ್ತೆ. ಆ ದುಡ್ಡಲ್ಲಿ ಕ್ಲಚ್ ಪ್ಲೇಟ್ ನೋಡಿಸಿ: ನಾಲ್ಕನೇ ಗೇರಲ್ಲಿ ನಿಧಾನ ಹೋಗ್ತಾ ಪೂರ್ತಿ ಒತ್ತಿದಾಗ ಎಂಜಿನ್ ಸದ್ದು ಏರಿ ಗಾಡಿ ಏರದಿದ್ರೆ ಅದು ಜಾರ್ತಿದೆ.