ಲಿಮಿಟರ್ ಇದ್ದರೂ ವಾಲ್ವ್ ಬಗ್ಗಿದ್ದು ಹೇಗೆ?

ಪ್ರಶ್ನೆ: ಅಣ್ಣಾ, ನಮ್ಮ ರೇಸ್ ಕಾರಿನದು 1300 ಸಿಸಿ, 16 ವಾಲ್ವ್ ಎಂಜಿನ್. ಈ ಸಲ ಜಾಸ್ತಿ ಲಿಫ್ಟ್ ಇರುವ, ಅಂದರೆ ವಾಲ್ವನ್ನು ಹೆಚ್ಚು ದೂರ ತೆರೆಯುವ ಕ್ಯಾಮ್ ಹಾಕಿದ್ದೇವೆ, ವಾಲ್ವ್ ಮುಚ್ಚುವ ಸ್ಪ್ರಿಂಗ್ ಹಳೆಯವೇ. ಎಂಜಿನ್ ವೇಗಕ್ಕೆ ಮಿತಿ ಹಾಕುವ ಲಿಮಿಟರ್ 8200 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು) ಇದೆ. ಮೊನ್ನೆ ಶ್ರೀಪೆರಂಬುದೂರಿನ ಹತ್ತಿರದ ಟ್ರ್ಯಾಕ್‌ನಲ್ಲಿ ತಿರುವಿಗೆ ಮುಂಚೆ ಗೇರ್ ಇಳಿಸಿದ್ದೇ ತಡ, ಮಿಸ್ಸಿಂಗ್ ಶುರುವಾಯಿತು. 3ನೇ ಸಿಲಿಂಡರ್‌ನಲ್ಲಿ ಕಂಪ್ರೆಷನ್ ತೀರಾ ಕಡಿಮೆ. ಹೆಡ್ ಬಿಚ್ಚಿಬಿಡಲೇ?

ಉತ್ತರ: ಈಗಲೇ ಬೇಡ. ಸೆಲ್ಫ್ ಕೂಡ ಹೊಡೆಯಬೇಡಿ. ವಾಲ್ವ್ ತಲೆ ಸೀಳು ಬಿಟ್ಟಿದ್ದರೆ ಮುರಿದು ಪಿಸ್ಟನ್ ಮೇಲೆ ಬೀಳುತ್ತದೆ, ಆಮೇಲೆ ಬ್ಲಾಕ್ ಕೂಡ ಹೋಗುತ್ತದೆ. ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಮೊದಲು ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದಿಕೆ ತೋರಿಸುವ ಟೈಮಿಂಗ್ ಮಾರ್ಕ್ ನೋಡಿ. ಬೆಲ್ಟ್ ಹಲ್ಲು ಹಾರಿದ್ದರೆ ಕಥೆಯೇ ಬೇರೆ. ಆಮೇಲೆ ಒಂದೊಂದೇ ಸಿಲಿಂಡರನ್ನು ಕಂಪ್ರೆಷನ್ ಟಿಡಿಸಿಗೆ (ವಾಲ್ವ್‌ಗಳೆಲ್ಲ ಮುಚ್ಚಿ ಪಿಸ್ಟನ್ ತೀರಾ ಮೇಲಿರುವ ಜಾಗ) ತಂದು, ಪ್ಲಗ್ ತೂತಿನಿಂದ ಗಾಳಿ ಬಿಡಿ. ಸೈಲೆನ್ಸರ್‌ನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ, ಥ್ರಾಟಲ್ ಕಡೆ ಅಂದರೆ ಇನ್‌ಟೇಕ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ಪಿಸ್ಟನ್ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ನಾಲ್ಕಕ್ಕೂ ಮಾಡಿ. ಹೆಡ್ ಇಳಿಸಿದ ಮೇಲೆ ದಯವಿಟ್ಟು ಏನನ್ನೂ ತೊಳೆಯಬೇಡಿ. ಪಿಸ್ಟನ್ ಮೇಲಿನ ಮಸಿ ಬಹಳ ಹೇಳುತ್ತದೆ.

ಪ್ರಶ್ನೆ: ಟೈಮಿಂಗ್ ಮಾರ್ಕ್ ಸರಿ ಇತ್ತು. 3ರಲ್ಲಿ ಸೈಲೆನ್ಸರ್ ಕಡೆ ಜೋರು ಬುಸ್, 2ರಲ್ಲಿ ಸ್ವಲ್ಪ. ಹೆಡ್ ತೆಗೆದು ನೋಡಿದರೆ ನಾಲ್ಕೂ ಪಿಸ್ಟನ್‌ನಲ್ಲಿ ಎಕ್ಸಾಸ್ಟ್ ಕಡೆ ಮಾತ್ರ ಅರ್ಧಚಂದ್ರದ ಹಾಗೆ ಹೊಳೆಯುವ ಗುರುತು. 3ರ ಒಂದು ವಾಲ್ವ್ ಬಗ್ಗಿದೆ. ವಾಲ್ವ್ ಕಳಪೆ ಅಲ್ವಾ?

ಉತ್ತರ: ಅಲ್ಲ. ಒಂದು ವಾಲ್ವ್ ಕಳಪೆಯಾಗಿದ್ದರೆ ಒಂದೇ ಪಿಸ್ಟನ್‌ನಲ್ಲಿ ಗುರುತು ಇರುತ್ತಿತ್ತು. ನಿಮ್ಮ ಎಂಜಿನ್ ಮಿತಿ ಮೀರಿ ತಿರುಗಿದೆ. ಲಿಮಿಟರ್ ಕಿಡಿಯನ್ನೋ ಪೆಟ್ರೋಲನ್ನೋ ನಿಲ್ಲಿಸುತ್ತದೆ, ಅಷ್ಟೇ. ಗೇರ್ ಇಳಿಸಿದಾಗ ಎಂಜಿನ್ ತಿರುಗಿಸುವುದು ಚಕ್ರ. 4ನೇ ಗೇರ್ ಅನುಪಾತ 1.0, 3ನೆಯದು 1.3 ಅಂದುಕೊಳ್ಳಿ. 7500ರಲ್ಲಿ ಇಳಿಸಿದರೆ ನೇರವಾಗಿ 9750. ಅದನ್ನು ಯಾವ ಲಿಮಿಟರ್ರೂ ತಡೆಯುವುದಿಲ್ಲ.

8000 ಆರ್‌ಪಿಎಂನಲ್ಲೇ ಒಂದು ವಾಲ್ವ್ ಸೆಕೆಂಡಿಗೆ ಸುಮಾರು 67 ಸಲ ತೆರೆದು ಮುಚ್ಚುತ್ತದೆ. ಹಳೇ ಸ್ಪ್ರಿಂಗ್‌ಗೆ ಅದರ ಮೇಲೆ ಶಕ್ತಿ ಸಾಲದು. ವಾಲ್ವ್ ಕ್ಯಾಮ್ ಬಿಟ್ಟು ತೇಲುತ್ತದೆ, ಮುಚ್ಚುವುದು ತಡವಾಗುತ್ತದೆ. ಎಕ್ಸಾಸ್ಟ್ ವಾಲ್ವ್ ಮುಚ್ಚುವ ಹೊತ್ತಿಗೇ ಪಿಸ್ಟನ್ ಮೇಲೆ ಬರುತ್ತಿರುತ್ತದೆ. ಅದಕ್ಕೇ ಮೊದಲ ಪೆಟ್ಟು ಅದಕ್ಕೆ ಬಿದ್ದಿದೆ. ಈ ತೊಂದರೆಗೇ ರೆನೋದವರು 1986ರಲ್ಲಿ ಫಾರ್ಮುಲಾ 1ರಲ್ಲಿ ಲೋಹದ ಸ್ಪ್ರಿಂಗ್ ಬಿಟ್ಟು ಗಾಳಿಯ ಸ್ಪ್ರಿಂಗ್ ತಂದರು.

ಎಂಟೂ ಎಕ್ಸಾಸ್ಟ್ ವಾಲ್ವ್ ಹೊಸದು ಹಾಕಿ, ನೋಡಲು ನೆಟ್ಟಗಿದ್ದರೂ ಸರಿ. ಒಮ್ಮೆ ಪೆಟ್ಟು ತಿಂದದ್ದು ಮುಂದೆ ಯಾವಾಗ ಕತ್ತು ಮುರಿಯುತ್ತದೋ ಗೊತ್ತಾಗುವುದಿಲ್ಲ. ವಾಲ್ವ್ ಕಡ್ಡಿ ಜಾರುವ ಗೈಡ್‌ಗಳನ್ನೂ ಅಳೆಯಿರಿ. ಸ್ಪ್ರಿಂಗ್ ಮಾತ್ರ ಹಳೆಯದು ಬೇಡವೇ ಬೇಡ. ಆ ಕ್ಯಾಮ್‌ಗೆ ಹೊಂದುವ ಸ್ಪ್ರಿಂಗ್ ತನ್ನಿ. ಪೂರ್ತಿ ಲಿಫ್ಟ್‌ನಲ್ಲೂ ಸುರುಳಿಗಳ ಮಧ್ಯೆ ಎಲ್ಲ ಸೇರಿ 1ರಿಂದ 1.5 ಮಿ.ಮೀ. ಜಾಗ ಉಳಿಯಬೇಕು. ಹೆಡ್ ಕೊನೆಯದಾಗಿ ಕೂರಿಸುವ ಮೊದಲು ಪಿಸ್ಟನ್ ಮೇಲೆ ಮಕ್ಕಳ ಕ್ಲೇ ಇಟ್ಟು, ಹೆಡ್ ತಾತ್ಕಾಲಿಕವಾಗಿ ಬಿಗಿದು, ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ; ಹೆಡ್ ತೆಗೆದು ಕ್ಲೇ ಕತ್ತರಿಸಿ ಅಳೆಯಿರಿ. ಎಕ್ಸಾಸ್ಟ್ ಕಡೆ 2.5 ಮಿ.ಮೀ.ಗಿಂತ ಕಡಿಮೆ ಬಿಡಲು ನನಗಂತೂ ಧೈರ್ಯ ಇಲ್ಲ.